ತಮ್ಮನ ಹೆಸರಿನ ಟ್ರಸ್ಟು

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡಂತಿದ್ದ ಲಾಂಡ್ರಿಗೆ ಬೋರ್ಡಿನ ಮೇಲೆ ಬೇರೆ ಏನೋ ಹೆಸರಿತ್ತು. ಅದನ್ನು ಓದಿದವರು ಯಾರೂ ಇದ್ದಂತಿಲ್ಲ. ಎಲ್ಲರಿಗೂ ಅದು ಲಾಂಡ್ರಿ ಅಣ್ಣನ ಅಂಗಡಿ. ಅಣ್ಣನಿಗೆ ಆಗ ಅರವತ್ತೇಳು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದರೆ "ಪುರುಸೊತ್ತೇ ಆಗ್ಲಿಲ್ಲ" ಎನ್ನುತ್ತಿದ್ದ, ಮದುವೆ ಎನ್ನುವುದು ಸಂಜೆ ಆರರೊಳಗೆ ಮುಗಿಸಬೇಕಾದ ಯಾವುದೋ ಕೆಲಸ ಎನ್ನುವಂತೆ.

ಅವನ ಜೊತೆಗಿದ್ದವನು ಅವನ ತಮ್ಮ. ಇಡೀ ಬೀದಿಯೇ ಅವನನ್ನು ತಮ್ಮ ಎಂದು ಕರೆಯುತ್ತಿತ್ತು, ಅವನಿಗಿಂತ ಮೂವತ್ತು ವರ್ಷ ಚಿಕ್ಕವರು ಕೂಡ. ಐವತ್ನಾಲ್ಕು ವರ್ಷವಾಗಿದ್ದರೂ ಓದು, ಲೆಕ್ಕ, ಗಡಿಯಾರದ ಮುಳ್ಳು ಈ ಮೂರೂ ಅವನ ತಲೆಗೆ ಹತ್ತಿರಲಿಲ್ಲ. ಆದರೆ ಬಟ್ಟೆ ಮಡಚುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಕಿಟಕಿ ಪಕ್ಕದ ಮೇಜಿನ ಮುಂದೆ ನಿಂತು ಅವನು ಮಡಚಿಟ್ಟ ಅಂಗಿಗಳ ಅಟ್ಟಿ ಗೋಡೆ ಕಟ್ಟಿದ ಹಾಗಿರುತ್ತಿತ್ತು. ಅವನ ಎರಡು ದೌರ್ಬಲ್ಯಗಳು ಎಲ್ಲರಿಗೂ ಗೊತ್ತಿದ್ದವು. ಒಂದು, ವಾಚು ಚೆನ್ನಾಗಿದೆ ಎಂದವರಿಗೆ ವಾಚು ಬಿಚ್ಚಿ ಕೊಟ್ಟುಬಿಡುತ್ತಿದ್ದ. ಹಾಗೆ ಮೂರು ವಾಚು ಹೋಗಿದ್ದವು. ಇನ್ನೊಂದು, ಸಹಿ. ಅಣ್ಣ ವರ್ಷಗಟ್ಟಲೆ ಕೂರಿಸಿ ಸಹಿ ಮಾಡುವುದನ್ನು ಕಲಿಸಿದ್ದೇ ತಪ್ಪಾಯಿತು. ಅದರ ಮೇಲೆ ಅವನಿಗೆ ಎಷ್ಟು ಪ್ರೀತಿ ಎಂದರೆ, ಯಾರು ಯಾವ ಕಾಗದ ಹಿಡಿದರೂ ನಾಲಿಗೆ ಕಚ್ಚಿಕೊಂಡು ಗೀಚಿಬಿಡುವನು. ರಸ್ತೆಗೆ ಉಬ್ಬು ಹಾಕಿಸಿ ಎಂಬ ಅರ್ಜಿಯಲ್ಲಿಯೂ ಅವನ ಸಹಿ ಇತ್ತು, ಹಾಕಿಸಬೇಡಿ ಎಂಬ ಅರ್ಜಿಯಲ್ಲಿಯೂ ಇತ್ತು.

ಒಂದು ದಿನ ಬೆಳಿಗ್ಗೆ ಹಬೆ ಯಂತ್ರದ ಎದುರು ಲಾಂಡ್ರಿ ಅಣ್ಣ ಕಣ್ಣು ಕತ್ತಲಿಟ್ಟು ಕುಸಿದು ಕೂತ. ಇಸ್ತ್ರಿ ಅಕ್ಕ, ಅಂದರೆ ಇಪ್ಪತ್ತೆರಡು ವರ್ಷದಿಂದ ಅದೇ ಅಂಗಡಿಯಲ್ಲಿ ಇಸ್ತ್ರಿ ಹಾಕುವವಳು, ಆಟೊ ಕರೆಸಿ ಆಸ್ಪತ್ರೆಗೆ ಸಾಗಿಸಿದಳು. ಎರಡು ದಿನ ಅಲ್ಲೇ ಮಲಗಬೇಕಾಯಿತು. ಮೊದಲನೇ ದಿನ ಇಸ್ತ್ರಿ ಅಕ್ಕ ಆಸ್ಪತ್ರೆಯಲ್ಲಿದ್ದಾಗ ತಮ್ಮನೇ ಅಂಗಡಿಯ ಯಜಮಾನ. ಬಂದವರು ಬೆರಳು ತೋರಿಸಿದ್ದನ್ನೆಲ್ಲ ಅಂದವಾಗಿ ಕಾಗದ ಸುತ್ತಿ ಕೊಟ್ಟ. ಹೆಡ್‌ಮಾಸ್ತರರ ಮನೆಗೆ ಬ್ಯಾಂಡ್ ಬಾರಿಸುವವನ ಕೆಂಪು ಕೋಟು ಹೋಯಿತು. ಬ್ಯಾಂಡಿನವನು ಹೆಡ್‌ಮಾಸ್ತರರ ಬೂದು ಪ್ಯಾಂಟು ತೊಟ್ಟು ಕಹಳೆ ಊದಿದ. ಇದನ್ನೆಲ್ಲ ಸರಿಪಡಿಸಲು ಎಂಟು ದಿನ ಹಿಡಿಯಿತು. ಬೀದಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಅಣ್ಣನೂ ನಕ್ಕ. ಆದರೆ ರಾತ್ರಿ ಎದ್ದೆದ್ದು, ಮಲಗಿದ್ದ ತಮ್ಮನನ್ನು ನೋಡಿಕೊಂಡು ಬರತೊಡಗಿದ.

ಮರುವಾರವೇ ಅವನಿಗೆ ಆಸ್ತಿಪಾಸ್ತಿ ವಿಲೇವಾರಿ ಮಾಡುವ ಹುಕಿ ಹತ್ತಿತು. ವಕೀಲರ ಮೆಟ್ಟಿಲು ಹತ್ತುವ ಜಾಯಮಾನ ಅವನದಲ್ಲ. ತನ್ನ ಕಸುಬಿನ ದಾರಿ ಹಿಡಿದ. ಬಟ್ಟೆಗೆ ಕಟ್ಟುವ ಗುರುತಿನ ಚೀಟಿಗಳ ಕಟ್ಟು ತಂದು, ಅಂಗಡಿಯ ಮೇಲಿನ ಮನೆಯಲ್ಲಿದ್ದ ಒಂದೊಂದು ಸಾಮಾನಿಗೂ ದಾರದಲ್ಲಿ ಚೀಟಿ ಕಟ್ಟಿದ. ಬೀರುವಿಗೆ 'ದೊಡ್ಡ ತಂಗಿ'. ಹೊಲಿಗೆ ಯಂತ್ರಕ್ಕೆ 'ಚಿಕ್ಕ ತಂಗಿ'. ಗೋಡೆ ಗಡಿಯಾರಕ್ಕೆ 'ಇಸ್ತ್ರಿ ಅಕ್ಕ'. ಎರಡೇ ದಿನದಲ್ಲಿ ಮನೆಯೆಂಬುದು ಡೆಲಿವರಿಗೆ ಸಿದ್ಧವಾದ ಮೂಟೆಯ ಹಾಗೆ ಕಾಣತೊಡಗಿತು.

ತಂಗಿಯರಿಬ್ಬರೂ ಅದೇ ಊರಿನಲ್ಲಿದ್ದರು. ದೊಡ್ಡವಳು ಬಂದು, "ನನಗ್ಯಾಕೆ ಈ ಬಾಗಿಲು ಮುಚ್ಚದ ಬೀರು?" ಎಂದು ಮುಖ ಗಂಟು ಹಾಕಿದಳು. ಅವಳು ಹೋದ ಮೇಲೆ ನೋಡಿದರೆ ಹೊಲಿಗೆ ಯಂತ್ರದ ಚೀಟಿ ಬೀರುವಿಗೂ ಬೀರುವಿನ ಚೀಟಿ ಹೊಲಿಗೆ ಯಂತ್ರಕ್ಕೂ ಬಂದು ಕೂತಿದ್ದವು. ಅಣ್ಣ ಮತ್ತೆ ಬದಲಿಸಿದ. ಮುಂದಿನ ಭಾನುವಾರ ಮತ್ತೆ ಅದಲುಬದಲಾಯಿತು. ಚಿಕ್ಕವಳು ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸದವಳು, ಮಾತು ಕಡಿಮೆ. "ನನಗೆ ಹೊಲಿಯೋಕೇ ಬರಲ್ಲ ಅಣ್ಣ" ಎಂದಷ್ಟೇ ಹೇಳಿದಳು.

ಒಂದು ಸಂಜೆ ಅಣ್ಣ ಮಿಕ್ಕ ಚೀಟಿಗಳನ್ನು ಎಣಿಸುತ್ತಿದ್ದಾಗ ತಮ್ಮ ಬಂದು ಎದುರಿಗೆ ನಿಂತ. ಅಂಗಿಯ ಮೇಲಿನ ಗುಂಡಿಗೆ ಖಾಲಿ ಚೀಟಿಯೊಂದನ್ನು ಕಟ್ಟಿಕೊಂಡಿದ್ದ. ದಾರವನ್ನು ಎರಡು ಗಂಟು ಹಾಕಿ ಬಿಗಿದಿದ್ದ.

"ಅಣ್ಣಾ, ನಾನು ಯಾರಿಗೆ?"

ಲಾಂಡ್ರಿ ಅಣ್ಣ ಅವನ ಗುಂಡಿಯಿಂದ ದಾರ ಬಿಚ್ಚಲು ಕೂತ. ಗಂಟು ಬಿಚ್ಚಲು ಬೇಕಾದ್ದಕ್ಕಿಂತ ಬಹಳ ಹೊತ್ತು ತೆಗೆದುಕೊಂಡ.

ಮರುದಿನ ತನ್ನ ಕರಿ ಕೋಟು ಒಯ್ಯಲು ಬಂದ ವಕೀಲಮ್ಮನನ್ನು ಅವನು ಸುಮ್ಮನೆ ಬಿಡಲಿಲ್ಲ.

"ಮೇಡಂ, ಒಂದು ಮಾತು ಕೇಳ್ಬೇಕು. ಮನೆ, ಅಂಗಡಿ ಎರಡನ್ನೂ ತಮ್ಮನ ಹೆಸರಿಗೆ ಬರೆದುಬಿಟ್ರೆ ಮುಗೀತಲ್ಲ?"

"ಮುಗೀತು. ಅವನ ಕೈಗೆ ಮೊದಲು ಪೆನ್ನು ಕೊಟ್ಟೋರ ಪಾಲಾಗುತ್ತೆ."

"ಹಾಗಾದ್ರೆ ದೊಡ್ಡ ತಂಗಿ ಹೆಸರಿಗೆ ಬರೆದು, ಇವನನ್ನ ನೋಡ್ಕೋ ಅಂತ ಬಾಯ್ಮಾತಲ್ಲಿ ಹೇಳಿದ್ರೆ?"

"ಅವರು ಒಳ್ಳೆಯವರೇ ಇರಬಹುದು. ಅವರ ನಂತರ? ಮಗ, ಸೊಸೆ, ಅಳಿಯ? ನಿಮ್ಮ ಬಾಯ್ಮಾತು ಅವರನ್ನೆಲ್ಲ ಕಟ್ಟಿಹಾಕಲ್ಲ ಯಜಮಾನರೇ." ವಕೀಲಮ್ಮ ಕೋಟನ್ನು ತೋಳಿಗೆ ಹಾಕಿಕೊಂಡು ಬೆಂಚಿನ ಮೇಲೆ ಕೂತೇಬಿಟ್ಟಳು. "ಒಂದು ಟ್ರಸ್ಟ್ ಮಾಡೋಣ. ಮನೆ, ಅಂಗಡಿ, ಬ್ಯಾಂಕಲ್ಲಿ ಇರೋದು, ಎಲ್ಲ ಟ್ರಸ್ಟಿಗೆ ಸೇರುತ್ತೆ. ಅದರಿಂದ ಬರೋದೆಲ್ಲ ತಮ್ಮನ ಊಟ, ಬಟ್ಟೆ, ಔಷಧಿ, ಅವನ ಸಂತೋಷಕ್ಕೆ, ಬದುಕಿರೋವರೆಗೂ. ನಡೆಸೋಕೆ ಮೂವರು ಟ್ರಸ್ಟಿಗಳು. ಅವರು ತಮಗೆ ಅಂತ ಏನೂ ತಗೊಳ್ಳೋ ಹಾಗಿಲ್ಲ. ಮಾರೋ ಹಾಗಿಲ್ಲ, ಅಡ ಇಡೋ ಹಾಗೂ ಇಲ್ಲ. ಅವನ ನಂತರ ಯಾರಿಗೆ ಅಂತ ಈಗಲೇ ಬರೆದಿಡಬಹುದು. ನೀವಿರುವಾಗಲೇ ಶುರು ಮಾಡಿದ್ರೆ, ಸರಿಯಾಗಿ ನಡೆಯುತ್ತೋ ಇಲ್ವೋ ಕಣ್ಣಾರೆ ನೋಡಬಹುದು."

ಕೊನೆಯ ಮಾತು ಅಣ್ಣನಿಗೆ ಬಹಳ ಹಿಡಿಸಿತು. ತಾನು ಸತ್ತ ಮೇಲೂ ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕಬಹುದು ಎಂದು ಅವನಿಗೆ ಕೇಳಿಸಿತೋ ಏನೋ.

ಟ್ರಸ್ಟಿಗಳ ಆಯ್ಕೆಗೆ ಅವನು ಒಂದು ತಿಂಗಳು ತೆಗೆದುಕೊಂಡ. ಮನುಷ್ಯನ ಯೋಗ್ಯತೆ ಕಾಲರಿನ ಒಳಬದಿಯಲ್ಲಿಯೂ ಜೇಬಿನ ತಳದಲ್ಲಿಯೂ ಇರುತ್ತದೆಂಬುದು ನಲವತ್ತು ವರ್ಷಗಳ ಅವನ ಸಿದ್ಧಾಂತ. ಹತ್ತೊಂಬತ್ತು ಜನರ ಪಟ್ಟಿ ಹಿಡಿದು ವಕೀಲಮ್ಮನ ಕಚೇರಿಗೆ ಹೋದ; ಅದರಲ್ಲಿ ಹದಿನೆಂಟು ಹೆಸರಿಗೆ ಅವನೇ ಗೀಟು ಹಾಕಿದ್ದ.

"ಔಷಧಿ ಅಂಗಡಿಯವರು ಯಾಕೆ ಬೇಡ?"

"ಎರಡು ವರ್ಷದ ಹಳೇ ಬಸ್ ಟಿಕೆಟ್ ಜೇಬಲ್ಲೇ ಇಟ್ಕೊಂಡಿರ್ತಾರೆ ಮೇಡಂ. ಯಾವುದನ್ನೂ ಮುಗಿಸೋ ಮನುಷ್ಯ ಅಲ್ಲ."

"ಹೆಡ್‌ಮಾಸ್ತರರು?"

"ಕಾಲರ್ ಮಾತ್ರ ಬೆಳ್ಳಗಿರುತ್ತೆ. ಮಿಕ್ಕಿದ್ದು ನಾನು ಹೇಳಬಾರದು."

"ನನ್ನ ಜೇಬಲ್ಲಿ ಏನಿರುತ್ತೆ?" ವಕೀಲಮ್ಮ ನಗುತ್ತ ಕೇಳಿದಳು.

"ಪೆಪ್ಪರಮಿಂಟ್ ಕಾಗದ. ಒಂದೊಂದು ಸಲಕ್ಕೆ ನಾಲ್ಕು. ಕೋರ್ಟಲ್ಲಿ ಸೋತ ವಾರ ಏಳು."

ವಕೀಲಮ್ಮ ತಕ್ಷಣ ಮುಂದಿನ ವಿಷಯಕ್ಕೆ ಹೋದಳು. ಗೀಟು ಬೀಳದ ಒಂದೇ ಹೆಸರು ಲಾಂಡ್ರಿ ಅಣ್ಣನದೇ ಆಗಿತ್ತು. ಅದನ್ನು ನೋಡಿ ಅವಳು ಹಣೆ ಹಣೆ ಚಚ್ಚಿಕೊಂಡು, ಮನೆಯವರನ್ನೆಲ್ಲ ಕರೆತರಲು ಹೇಳಿದಳು.

ಆ ಸಭೆಯಲ್ಲಿ ಕುರ್ಚಿ ಸಾಲದೆ ಇಸ್ತ್ರಿ ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ದೊಡ್ಡ ತಂಗಿಯೇ ಮಾತು ಶುರುಮಾಡಿದಳು. ತಮ್ಮನನ್ನು ತಾನು ಕರೆದುಕೊಂಡು ಹೋಗುತ್ತೇನೆ, ಹಿಂದಿನ ರೂಮು ಖಾಲಿಯಿದೆ, ಆಮೇಲೆ ಈ ಹಳೆ ಕಟ್ಟಡ ಇಟ್ಟುಕೊಂಡು ಏನಾಗಬೇಕು. ಅವಳಿಗೆ ತಮ್ಮನ ಮೇಲೆ ಪ್ರೀತಿಯಿತ್ತು, ಸುಳ್ಳಲ್ಲ. ಕಟ್ಟಡದ ಮೇಲೂ ಸ್ವಲ್ಪ ಇತ್ತು. ಅಣ್ಣ ತನ್ನ ವಾದ ಹೂಡಿದ. ಹತ್ತು ನಿಮಿಷದಲ್ಲಿ ಇಬ್ಬರ ದನಿಯೂ ಏರಿತು. ವಕೀಲಮ್ಮ ಮೇಜು ತಟ್ಟಿದಳು.

"ಒಂದ್ನಿಮಿಷ. ಟ್ರಸ್ಟ್ ಆಗ್ತಿರೋದು ಯಾರಿಗೆ? ಅವನನ್ನ ಯಾರಾದ್ರೂ ಕೇಳಿದ್ರಾ?" ಅವಳು ತಮ್ಮನ ಕಡೆ ತಿರುಗಿದಳು. "ನಿನಗೆ ಎಲ್ಲಿ ಇರೋಕೆ ಇಷ್ಟ?"

ತಮ್ಮ ಎಲ್ಲರನ್ನೂ ಒಂದು ಸುತ್ತು ನೋಡಿದ. ಇಂಥ ಪ್ರಶ್ನೆ ಅವನಿಗೆ ಹೊಸದು.

"ಅಂಗಡೀಲಿ. ಕಿಟಕಿ ಹತ್ರ."

"ದೊಡ್ಡಕ್ಕನ ಮನೆ?"

"ಅಲ್ಲಿ ಸ್ವೆಟರ್ ಹಾಕಿಸ್ತಾಳೆ. ಬೇಸಿಗೇಲೂ ಹಾಕಿಸ್ತಾಳೆ."

ಚಿಕ್ಕ ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೊಡ್ಡವಳ ಮುಖ ಕೆಂಪಗಾಯಿತು. ಆದರೆ ತಮ್ಮನ ಮಾತು ಮುಗಿದಿರಲಿಲ್ಲ.

"ಅಣ್ಣ ಎಲ್ಲಿಗೆ ಹೋಗ್ತಾನೆ?" ಎಂದು ಅವನು ವಕೀಲಮ್ಮನನ್ನೇ ಕೇಳಿದ.

ಹಲ್ಲುಜ್ಜುವುದರಿಂದ ಹಿಡಿದು ರಸ್ತೆ ದಾಟುವವರೆಗೆ ಎಲ್ಲವನ್ನೂ ಅವನಿಗೆ ಹೇಳಿಕೊಟ್ಟಿದ್ದ ಅಣ್ಣ ಈ ಒಂದನ್ನು ಮಾತ್ರ ಬಿಟ್ಟಿದ್ದ.

ಅಲ್ಲಿಂದ ಮನೆಗೆ ಇಬ್ಬರೂ ನಡೆದೇ ಹೋದರು. ಉದ್ಯಾನದ ಕಂಬಿ ಬೇಲಿಯ ಹತ್ತಿರ ಬಂದಾಗ ಲಾಂಡ್ರಿ ಅಣ್ಣ ಮಾತು ತೆಗೆದ.

"ನೋಡು, ನಾನು ಮುದುಕ ಆಗ್ತಿದೀನಿ. ಒಂದಿನ ಅಪ್ಪನ ಥರಾನೇ ಸತ್ತುಹೋಗ್ತೀನಿ."

"ಗೊತ್ತು" ಎಂದ ತಮ್ಮ.

"ಗೊತ್ತಾ?"

"ಹೂಂ. ಆಗ ಅಂಗಡಿ ಬಾಗಿಲು ಯಾರು ತೆಗೀತಾರೆ?"

"ಯಾರು ತೆಗೀಬೇಕು ಅಂತೀಯ?"

ತಮ್ಮ ಯೋಚಿಸಿದ. "ಇಸ್ತ್ರಿ ಅಕ್ಕ. ಆದ್ರೆ ಅವರಿಗೆ ಷಟರ್ ಬೀಗ ಬರಲ್ಲ. ಮೇಲಕ್ಕೆತ್ತಿ ತಿರುಗಿಸ್ಬೇಕು. ನಾನು ಹೇಳ್ಕೊಡ್ತೀನಿ ಬಿಡು."

ಅಣ್ಣ ಅಂದು ಮನೆಗೆ ಬರುವವರೆಗೂ ಕನ್ನಡಕ ಒರೆಸಿಕೊಳ್ಳುತ್ತಲೇ ಇದ್ದ. ಧೂಳು ಎಂದು ಹೇಳಿದ. ಸಂಜೆ ಇಸ್ತ್ರಿ ಅಕ್ಕನನ್ನು ಕರೆದು, ಟ್ರಸ್ಟಿ ಆಗ್ತೀಯಾ ಎಂದು ಕೇಳಿದ.

"ನಾನಾ?" ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಆಗ್ತೀನಿ. ಆದ್ರೆ ಟ್ರಸ್ಟಿ ಆದ್ಮೇಲೆ ನೀವು ಹೇಳಿದ್ದಕ್ಕೆಲ್ಲ ತಲೆ ಆಡಿಸಲ್ಲ, ಈಗಲೇ ಹೇಳಿರ್ತೀನಿ."

"ಈಗ ಆಡಿಸ್ತಿದ್ದೀಯಾ?"

ಪತ್ರ ತಯಾರಾಯಿತು. ಅಣ್ಣ, ಚಿಕ್ಕ ತಂಗಿ ಮತ್ತು ಇಸ್ತ್ರಿ ಅಕ್ಕ, ಈ ಮೂವರು ಟ್ರಸ್ಟಿಗಳು. ಇಬ್ಬರು ಒಪ್ಪಿದರೆ ಸಾಕು, ತೀರ್ಮಾನವಾದಂತೆ. ತಮ್ಮನ ಕಾಲಾನಂತರ ಎಲ್ಲವೂ ತಂಗಿಯರ ಮಕ್ಕಳಿಗೆ ಸಮನಾಗಿ. ಪಾತ್ರೆ ಪಡಗ, ಬೀರು, ಹೊಲಿಗೆ ಯಂತ್ರಗಳಿಗೆಂದು ಬೇರೆ ಒಂದು ಪುಟ್ಟ ವಿಲ್. ಮಧ್ಯದಲ್ಲೊಂದು ಕಡೆ, ತಮ್ಮನ ಉಡುಪು ಋತುಮಾನಕ್ಕೂ ಅವನ ಇಷ್ಟಕ್ಕೂ ತಕ್ಕಂತಿರತಕ್ಕದ್ದು ಎಂಬ ಸಾಲನ್ನು ವಕೀಲಮ್ಮ ಯಾರಿಗೂ ಹೇಳದೆ ಸೇರಿಸಿದ್ದಳು. ನೋಂದಣಿ ಕಚೇರಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದಾಗ ದೊಡ್ಡ ತಂಗಿ ಎದ್ದು ಹೊರಗೆ ಹೋದಳು. ಎರಡು ತಿಂಗಳು ಮುನಿಸಿಕೊಂಡಿದ್ದು, ಮೂರನೆಯ ತಿಂಗಳು ತೋಳಿಲ್ಲದ ಸ್ವೆಟರೊಂದನ್ನು ಹೆಣೆದು ತಂದಳು. ತಮ್ಮ ಅದನ್ನು ಮಡಚಿದ್ದು ಎಷ್ಟು ಚೆಂದವಾಗಿತ್ತೆಂದರೆ ಅವಳಿಗೆ ಬೈಯಲು ಬಾಯಿ ಬರಲಿಲ್ಲ.

ಲಾಂಡ್ರಿ ಅಣ್ಣ ಇನ್ನು ನಿಶ್ಚಿಂತೆ ಎಂದುಕೊಂಡ. ಟ್ರಸ್ಟಿನ ಮೊದಲ ಸಭೆ ಸೇರುವವರೆಗೆ ನಿಶ್ಚಿಂತೆಯಿಂದಲೇ ಇದ್ದ. ಆ ಸಭೆಯಲ್ಲಿ ಚಿಕ್ಕ ತಂಗಿ, "ತಮ್ಮ ಸಮುದ್ರ ನೋಡ್ಬೇಕಂತೆ. ನಾನು ರೈಲಲ್ಲಿ ಕರ್ಕೊಂಡು ಹೋಗ್ತೀನಿ. ನಾಲ್ಕು ದಿನ" ಎಂದಳು.

"ಸಮುದ್ರಾನಾ? ನನಗೆ ಯಾವತ್ತೂ ಹೇಳಿಲ್ವಲ್ಲ ಅವನು?"

"ನೀನು ಕೇಳಿಲ್ಲ ಅಣ್ಣ."

ಅಣ್ಣ ಪಟ್ಟು ಹಿಡಿದ. ಜನಜಂಗುಳಿ, ಅಲೆ, ಬಿಸಿಲು, ಹೊರಗಿನ ನೀರು, ರೈಲಿನ ಬಾಗಿಲು. ಸಮುದ್ರ ಎಂಬುದು ಸಂತೋಷದ ಖರ್ಚಿನಡಿ ಬರುತ್ತದೆಯೇ ಎಂದು ವಕೀಲಮ್ಮನಿಗೆ ಫೋನು ಕೂಡ ಮಾಡಿದ. ಬರದೇ ಇನ್ನೇನು ಎಂದಳು ಅವಳು. ಕೊನೆಗೆ ಚಿಕ್ಕ ತಂಗಿ ಕೈ ಎತ್ತಿದಳು. ಇಸ್ತ್ರಿ ಅಕ್ಕ ಅಣ್ಣನ ಮುಖ ನೋಡದೆ ತಾನೂ ಕೈ ಎತ್ತಿದಳು. ತನ್ನದೇ ಅಂಗಡಿಯಲ್ಲಿ, ತನ್ನದೇ ಬೆಂಚಿನ ಮೇಲೆ ಕೂತು, ಜೀವಮಾನದಲ್ಲಿ ಮೊದಲ ಬಾರಿಗೆ ಲಾಂಡ್ರಿ ಅಣ್ಣ ಸೋತಿದ್ದ.

ಹೊರಡುವ ದಿನ ರೈಲು ನಿಲ್ದಾಣಕ್ಕೆ ಎಲ್ಲರಿಗಿಂತ ಮೊದಲು ಬಂದು ನಿಂತವನು ಅವನೇ. ತಂಗಿಗೆ ಹೇಳಿದ ಬುದ್ಧಿಮಾತು ಮುಗಿಯುವಷ್ಟರಲ್ಲಿ ರೈಲು ಅಲುಗಿತು. ಕಿಟಕಿಯಿಂದ ತಮ್ಮ ಕೈ ಬೀಸಿ, "ಅಣ್ಣಾ, ನಿಂತ್ಕೋಬೇಡ, ಹೊತ್ತಾಯ್ತು, ಅಂಗಡಿಗೆ ಹೋಗು" ಎಂದ. ಅಣ್ಣ ಹೋಗಲಿಲ್ಲ. ಕೊನೆಯ ಡಬ್ಬಿ ಕಣ್ಮರೆಯಾಗುವವರೆಗೆ ನಿಂತು, ಆಮೇಲೂ ಸ್ವಲ್ಪ ಹೊತ್ತು ನಿಂತ.

ಆ ನಾಲ್ಕು ದಿನ ಅವನು ಗ್ರಾಹಕರ ಮೇಲೆ ಸಿಡುಕಿದ್ದನ್ನು ಬೀದಿ ಇಂದಿಗೂ ನೆನೆಯುತ್ತದೆ. ಐದನೆಯ ದಿನ ತಮ್ಮ ಬಂದಿಳಿದಾಗ ಮೂಗಿನ ಚರ್ಮ ಸುಲಿದಿತ್ತು, ಚಪ್ಪಲಿ ಒಂದೇ ಇತ್ತು. ಇನ್ನೊಂದನ್ನು ಸಮುದ್ರ ಕೇಳಿತಂತೆ, ಕೊಟ್ಟನಂತೆ.

"ಇನ್ನೊಂದು ಸಲ ಹೋಗೋಣ" ಎಂದ. "ನೀನೂ ಬಾ."

"ನನಗೆಲ್ಲಿ ಪುರುಸೊತ್ತು?" ಎಂದ ಅಣ್ಣ.

ಮುಂದಿನ ಸಭೆಯಲ್ಲಿ ಆ ವಿಷಯವೂ ಬಂತು. ಎರಡು ಕೈ ಮೇಲೆದ್ದವು. ಲಾಂಡ್ರಿ ಅಣ್ಣ ಗೊಣಗುತ್ತಲೇ ಎದ್ದು, ಹಳೇ ಟಿಕೆಟನ್ನೂ ಎಸೆಯದವರ ಹತ್ತಿರ ರೈಲಿನ ವೇಳಾಪಟ್ಟಿಯೂ ಇದ್ದೀತೆಂದು ಕೇಳಲು ಪಕ್ಕದ ಔಷಧಿ ಅಂಗಡಿಗೆ ಹೋದ.