ಮುನಿತಾಯಮ್ಮನ ದಪ್ಪ ಮೆಣಸಿನಕಾಯಿ

ತಾಲ್ಲೂಕಿನ ಅಮಲ್ದಾರರ ಮೊಕ್ಕಾಂ ಬಂತೆಂದರೆ ನಮ್ಮೂರ ಗಂಡಸರ ನಡು ಬಾಗಿಬಿಡುತ್ತಿತ್ತು. ಹಾಲು, ತುಪ್ಪ, ಬಾಳೆಗೊನೆ, ಮನೆಯಲ್ಲಿ ಯಾವುದು ಚೆನ್ನಾಗಿದೆಯೋ ಅದು ನಿಂಬೆಹಣ್ಣಿನ ಜೊತೆ ಅವರು ಇಳಿದುಕೊಂಡ ಛತ್ರಕ್ಕೆ ಹೋಗಬೇಕು. ಯಾರೂ ಕೇಳುತ್ತಿರಲಿಲ್ಲ, ಇವರೇ ಹಲ್ಲು ಗಿಂಜಿಕೊಂಡು ಒಯ್ಯುತ್ತಿದ್ದರು. ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಎಲ್ಲರಿಗಿಂತ ಮುಂದೆ ಓಡುತ್ತಿದ್ದವನು ಪಕ್ಕದ ಮನೆಯ ದೊಡ್ಡಮುನಿಯಪ್ಪ.

ಅವನ ಹೆಂಡತಿ ಮುನಿತಾಯಮ್ಮ ಬೇರೆಯೇ ಥರದವಳು. ನಂದಿಬೆಟ್ಟದ ಬಂಗಲೆಯಲ್ಲಿ ಮಾಲಿಯಾಗಿದ್ದ ತಮ್ಮ ಕೊಟ್ಟ ಬೀಜದಿಂದ ದಪ್ಪ ಮೆಣಸಿನಕಾಯಿ ಬೆಳೆಯಲು ಹೊರಟಳು. ದೇವನಹಳ್ಳಿ ಸೀಮೆಯ ಮಾಗಿ ಚಳಿಗೆ ಸಸಿಗಳು ಮುರುಟಿ ಒಂದೇ ಉಳಿಯಿತು. ಅದನ್ನು ಒಡಕು ಮಡಕೆಯಲ್ಲಿ ನೆಟ್ಟು, ಸಂಜೆ ಒಲೆಯ ಪಕ್ಕಕ್ಕೆ ತರುವಳು, ಬಿಸಿಲೇರಿದ ಮೇಲೆ ಹಿತ್ತಲಿಗೆ ಒಯ್ಯುವಳು. ಹುಳ ಬೀಳದಿರಲೆಂದು ಎಲೆಗೆ ಬೂದಿ ಎರಚುವಳು.

"ಖಾರ ಇಲ್ದಿರೋ ಮೆಣಸಿನ್ಕಾಯಿ ಯಾವ ಸಾರಿಗಮ್ಮ?" ಎಂದು ಊರು ನಕ್ಕಿತು. ಗಂಡನೂ ನಕ್ಕ. ಆದರೆ ಹುಚ್ಚೆಳ್ಳು ಪುಡಿ ಹಾಕಿ ಹುರಿದುಕೊಟ್ಟಾಗ ಬಾಣಲಿ ಬಳಿದವನೂ ಅವನೇ!

ಕೊನೆಯ ಕಾಯಿಯನ್ನು ಅವಳು ಬೀಜಕ್ಕೆಂದು ಗಿಡದಲ್ಲೇ ಕೆಂಪಾಗಲು ಬಿಟ್ಟಳು. ಅವಳ ತಮ್ಮ ಪಟಾಲಮ್ಮಿಗೆ ಸೇರಿ ಯುದ್ಧಕ್ಕೆ ಹೋಗಿದ್ದ. ಇದು ಹೋದರೆ ಮತ್ತೆ ಬೀಜವಿಲ್ಲ.

ಅಷ್ಟರಲ್ಲಿ ಸರ್ಕಾರಕ್ಕೆ ಅಳೆಯಬೇಕಾದ ಲೆವಿ ರಾಗಿ ನೋಡಲು ಅಮಲ್ದಾರರು ಬಂದರು. ದೊಡ್ಡಮುನಿಯಪ್ಪ ನೆಟ್ಟಗೆ ಗಿಡಕ್ಕೇ ಕೈ ಹಾಕಿದ.

"ಬೀಜದ ಕಾಯಿ ಕಣಯ್ಯ, ಅದೊಂದ್ ಬಿಟ್ಬಿಡು. ಬೇಕಾದ್ರೆ ತುಪ್ಪ ತಗೊಂಡೋಗು."

"ಸುಮ್ಕಿರೇ! ಅವ್ರು ಇಂಗ್ಲೀಷ್ ತರಕಾರಿ ತಿನ್ನೋರು."

ಕಿತ್ತುಕೊಂಡು ಹೋದ. ಸಾಹೇಬರು ಕಾಯಿಯನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಆದರೂ ಇನಾಂ ಭೂಮಿ ಸಿಕ್ಕವನಂತೆ ಮೀಸೆ ತಿರುವಿಕೊಂಡು ಬಂದ. ಥೂ!

ಮೊಕ್ಕಾಂ ಎದ್ದ ದಿನ ಮುನಿತಾಯಮ್ಮ ಛತ್ರದ ಹಿಂದಿನ ಎಂಜಲೆಲೆ ಗುಂಡಿಗೆ ಇಳಿದಳು. ಹುಳಿ ನಾತ, ನೊಣ, ನಾಯಿಗಳು. ಹಳಸಿದ ಅನ್ನದಲ್ಲಿ ಕೈಯಾಡಿಸಿದಳು. ಅಡಿಗೆಯವನು ತೊಟ್ಟಿನ ಸಮೇತ ಕಿತ್ತೆಸೆದಿದ್ದ, ಕಾಯೊಳಗಿನ ಬೀಜದ ಗಡ್ಡೆ ಸಿಕ್ಕಿತು. ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಹಾಕಿದಳು.

ಗಂಡ ಅಂಗಳದಲ್ಲಿ ಉಗಿದ. "ಕಂಡೋರ ಎಂಜಲಿಗೆ ಕೈ ಹಾಕ್ಬಿಟ್ಟಲ್ಲೇ! ಮನೆ ಮರ್ಯಾದೆ ಕಳೆದ್ಬಿಟ್ಟೆ!" ಅವಳು ತಲೆಗೆ ನೀರು ಹಾಕಿಕೊಂಡು ಬರುವವರೆಗೂ ಅವಳ ಕೈಯ ಮುದ್ದೆ ಮುಟ್ಟಲಿಲ್ಲ. ಛತ್ರದಲ್ಲಿ ಕೈ ಕಟ್ಟಿ ನಿಂತಾಗ ಅವನಿಗೆ ಈ ಮರ್ಯಾದೆ ಎಲ್ಲಿತ್ತೋ!

ಮರುವರ್ಷ ಮಡಕೆ ಮಡಕೆಯಲ್ಲೂ ಗಿಡ ಎದ್ದವು, ಕಾಯಿ ಜೋತಾಡಿದವು. ಮತ್ತೆ ಅಮಲ್ದಾರರು ಬರುವ ಸುದ್ದಿ ಬಂತು. ದೊಡ್ಡಮುನಿಯಪ್ಪ ತಟ್ಟೆಯಲ್ಲಿ ನಿಂಬೆಹಣ್ಣಿಟ್ಟುಕೊಂಡು ಹಿತ್ತಲಿಗೆ ಬಂದ.

ಮುನಿತಾಯಮ್ಮ ತಲೆಯೆತ್ತದೆ ಬೂದಿ ಎರಚುತ್ತಲೇ ಹೇಳಿದಳು: "ಎಂಜಲ ಗುಂಡೀಲಿ ಸಿಕ್ಕಿದ್ ಬೀಜ ಕಣಯ್ಯ. ನೀನೇ ಉಗಿದ್ಯಲ್ಲ. ದೊಡ್ಡೋರ ಬಾಯಿಗೆ ಇಕ್ತೀಯಾ?"

ಚಾಚಿದ ಕೈ ಹಿಂದಕ್ಕೆ ಬಂತು. ದೊಡ್ಡಮುನಿಯಪ್ಪ ಬರೀ ನಿಂಬೆಹಣ್ಣು ಹಿಡಿದುಕೊಂಡು ಛತ್ರದ ಕಡೆ ನಡೆದ.