ಸುಂದ್ರವ್ವ ತಿಕ್ಕಿದ ಕಾರು

ಮುಂಬಯಿ ವಿಕ್ರೋಳಿಯ ಗುಡ್ಡದ ಮಗ್ಗುಲಿನ ಚಾಳಿನಲ್ಲಿ ಸುಂದ್ರವ್ವನ ಕೈಗೆ ಒಂದು ಹೆಸರಿತ್ತು. ಯಾರ ಮನೆಯ ಹಿತ್ತಾಳೆಯ ದೀಪದ ಸಮೆ ಕಪ್ಪಾಗಲಿ, ಯಾರ ತಾಮ್ರದ ಕೊಡ ಮಾಸಲಿ, ಅವಳ ಬಾಗಿಲಿಗೇ ಬರಬೇಕು. ಹತ್ತೊಂಬತ್ತರ ಹುಡುಗಿಯಾಗಿ ಇಂಡಿ ತಾಲೂಕಿನಿಂದ ಬಂದವಳು, ಗಂಡ ತೀರಿದ ಮೇಲೆ ಸಯನ್ನಿನ ಉಡುಪಿ ಹೋಟೆಲೊಂದರಲ್ಲಿ ಇಪ್ಪತ್ತಾರು ವರ್ಷ ಪಾತ್ರೆ ಬೆಳಗಿದಳು. ಅಲ್ಲಿ ಗಲ್ಲಾದ ಮುಂದಿದ್ದ ಹಿತ್ತಾಳೆ ದೀಪದಲ್ಲಿ ಮುಖ ನೋಡಿಕೊಂಡು ಗಿರಾಕಿಗಳು ತಲೆ ಬಾಚಿಕೊಳ್ಳುತ್ತಿದ್ದರಂತೆ.

“ಹೊಳಪು ಒಳಗ ಕುಂತಿರ್ತದ. ತಿಕ್ಕಿ ಕರಿಯೂತನಕ ಹೊರಗ ಬರಂಗಿಲ್ಲ,” ಎನ್ನುವುದು ಅವಳ ಮಾತು.

ಮಗ ಯಲ್ಲಾಲಿಂಗ ಪುಣೆಯಲ್ಲಿ ಸೇತುವೆ ಕೆಲಸದ ಮೇಲಿದ್ದ. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಸೊಸೆ ಶಿವಕುಮಾರಿ ನಾಲ್ಕು ವರ್ಷ ಮಂದಿಯ ಟ್ಯಾಕ್ಸಿ ಓಡಿಸಿ, ಈ ಸಲ ದಸರೆಗೆ ಸ್ವಂತದ್ದೊಂದು ಕಾರು ತಂದಿದ್ದಳು. ಸೆಕೆಂಡ್ ಹ್ಯಾಂಡ್ ಹೌದು, ಆದರೆ ಎಳೆ ಬದನೆಕಾಯಿಯ ಬಣ್ಣ, ಮಿರಿಮಿರಿ ಮೈ. ದಸರೆಯ ಮುಂಜಾನೆ ಚಾಳಿನ ಮುದುಕಿಯರನ್ನೆಲ್ಲ ಕೂರಿಸಿಕೊಂಡು ಒಂದು ಸುತ್ತು ಹೊಡೆದ ಮೇಲೆಯೇ ಮೊದಲ ಬಾಡಿಗೆ ಹಿಡಿಯುವುದು ಎಂದು ಎಲ್ಲರಿಗೂ ಸಾರಿಯಾಗಿತ್ತು.

ಈ ಶಿವಕುಮಾರಿ ಮದುವೆಯಾದ ಹೊಸದರಲ್ಲಿ ‘ಅತ್ತಿ’ ಎಂದೇ ಕರೆಯುತ್ತಿದ್ದವಳು. ಒಮ್ಮೆ ಡೆಂಗಿ ಜ್ವರದಲ್ಲಿ ಹದಿನೈದು ದಿನ ಮಲಗಿ, ಸುಂದ್ರವ್ವನ ಕೈಯ ಗಂಜಿ ಕುಡಿದು ಎದ್ದ ಮೇಲೆ ‘ಅವ್ವಾ’ ಎನ್ನತೊಡಗಿದಳು. ಆ ಒಂದು ಕರೆಗೆ ಸುಂದ್ರವ್ವ ಒಲೆಯ ಮೇಲಿನ ಹಾಲು ಬಿಟ್ಟು ಓಡಿಬರುತ್ತಿದ್ದಳು.

ದಸರೆಯ ಹಿಂದಿನ ದಿನ ಖಂಡೆ ಪೂಜೆ, ಅಂದರೆ ಆಯುಧಗಳ ಪೂಜೆ. ಅದಕ್ಕೂ ಒಂದು ದಿನ ಮೊದಲು ಶಿವಕುಮಾರಿ ಮಾಲೀಕರ ಟ್ಯಾಕ್ಸಿಯ ಡ್ಯೂಟಿಗೆ ಹೊರಟಾಗ ಹೇಳಿದ್ದಳು: “ಅವ್ವಾ, ಗಾಡಿಗೆ ಸಿರ್ಫ್ ನೀರ ಹಾಕಿ ಬಟ್ಟಿಲೆ ವರಸು. ಬಸ್. ಮತ್ತೇನೂ ಮಾಡಬ್ಯಾಡ.”

ಸುಂದ್ರವ್ವ ನೀರು ಹಾಕಿದಳು, ಒರೆಸಿದಳು. ಆದರೆ ಬಾನೆಟ್ಟಿನ ಎಡ ಅಂಚಿನಲ್ಲಿ ಒಂದು ಡಾಂಬರಿನ ಚುಕ್ಕೆ ಕುಳಿತಿತ್ತು. ಮರುದಿನ ಪೂಜೆಗೆ ಇರುವ ಗಾಡಿ. ಕೊಳೆ ಇಟ್ಟುಕೊಂಡು ಕುಂಕುಮ ಹಚ್ಚುವುದೇ? ಒಳಗೆ ಹೋಗಿ ಹುಣಸೆಹಣ್ಣು ನೆನೆಹಾಕಿದಳು, ರಂಗೋಲಿ ಪುಡಿಯ ಡಬ್ಬಿ ತಂದಳು, ತೆಂಗಿನ ನಾರು ಹಿಂಡಿಕೊಂಡಳು. ದೇವರ ಸಾಮಾನು ಬೆಳಗುವ ಹಾಗೆಯೇ, ಸುತ್ತು ಸುತ್ತಾಗಿ, ಚುಕ್ಕೆಯಿಂದ ಹಿಡಿದು ಇಡೀ ಬಾನೆಟ್ಟು ತಿಕ್ಕಿದಳು. ನೀರು ಸುರಿದಾಗ ಕನ್ನಡಿಯಂತೆ ಕಂಡಿತು. ಸೊಂಟಕ್ಕೆ ಕೈಕೊಟ್ಟು ನಿಂತು ನಕ್ಕಳು.

ಬಿಸಿಲಿಗೆ ನೀರು ಆರಿತು. ಆರಿದಂತೆಲ್ಲ ಬಾನೆಟ್ಟಿನ ಮೇಲೆ ಬಳೆಬಳೆಯಾಗಿ ಬಿಳಿ ಗೀರುಗಳು ಎದ್ದುಬಂದವು. ಡಾಂಬರಿದ್ದ ಕಡೆ ಬಣ್ಣವೇ ಹೋಗಿ, ಅಕ್ಕಿಕಾಳಿನಷ್ಟು ಬಿಳುಪು. ಮತ್ತೆ ನೀರು ಸುರಿದಳು, ಮಾಯವಾದವು. ಆರಿತು, ಬಂದವು.

ಸುಂದ್ರವ್ವ ಹಾಸಿಗೆಯ ಮೇಲಿನ ಚಾದರ ತಂದು ಗಾಡಿಗೆ ಹೊದಿಸಿದಳು. ಸಂಜೆ ಸೊಸೆ ಕೇಳಿದ್ದಕ್ಕೆ, “ಪೂಜಿ ಆಗೂತನಕ ಮುಚ್ಚಿರಬೇಕು, ದೃಷ್ಟಿ ಆಗ್ತದ,” ಎಂದಳು.

ಸುಳ್ಳು ಬೆಳಗಿನ ಚಹಾದವರೆಗೂ ಬಾಳಲಿಲ್ಲ. ಚೆಂಡು ಹೂವಿನ ಮಾಲೆಯ ಅಳತೆ ನೋಡಲು ಶಿವಕುಮಾರಿ ಚಾದರಕ್ಕೆ ಕೈಹಾಕಿದಾಗ ಸುಂದ್ರವ್ವ ಅಡ್ಡ ನಿಂತಳು.

“ತೆಗೀಬ್ಯಾಡ ತಂಗಿ. ನಾ ಕೆಡಿಸೀನಿ.”

ಶಿವಕುಮಾರಿ ಚಾದರ ಸರಿಸಿ ನೋಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚಾದರವನ್ನು ಮೊದಲಿನಂತೆಯೇ ಎಳೆದು, ಮಾಲೀಕರ ಟ್ಯಾಕ್ಸಿಯ ಕೀಲಿ ಕೈಗೆತ್ತಿಕೊಂಡಳು.

“ಇನ್ನ ಮ್ಯಾಲೆ ಗಾಡಿ ಮುಟ್ಟಬ್ಯಾಡ್ರಿ, ಅತ್ತಿ.”

ಅವಳು ಹೋಗಿ ಎಷ್ಟೋ ಹೊತ್ತಿನ ಮೇಲೂ ಆ ‘ಅತ್ತಿ’ ಚಾಳಿನ ಓಣಿಯಲ್ಲಿ ನಿಂತೇ ಇತ್ತು. ಆಮೇಲೆ ಸುಂದ್ರವ್ವ ಚಪ್ಪಲಿ ಮೆಟ್ಟಿ ಹೊರಟಳು.

ಹೈವೇ ಪಕ್ಕದಲ್ಲಿ ಚೆನ್ನಯನ ಡೆಂಟಿಂಗ್-ಪೇಂಟಿಂಗ್ ಶೆಡ್ಡು. ಮುಂಬಯಿಗೆ ಬಂದ ಹೊಸದರಲ್ಲಿ ಅವನೂ ಅದೇ ಸಯನ್ನಿನ ಹೋಟೆಲಿನಲ್ಲಿ ಟೇಬಲ್ ಒರೆಸಿದವನು. ಈಗ ಅರ್ಧ ತಲೆ ಬೆಳ್ಳಗಾಗಿದೆ.

“ಸುಂದ್ರಕ್ಕ! ಹಬ್ಬದ ದಿನ ಎಂತ ಈ ಕಡೆ?”

ಅವಳು ಒಂದನ್ನೂ ಬಿಡದೆ ಹೇಳಿದಳು. ಹುಣಸೆಹಣ್ಣಿನ ಮಾತು ಬಂದಾಗ ಚೆನ್ನಯ ನಗು ತಡೆದ. ರಂಗೋಲಿ ಪುಡಿಯ ಮಾತು ಬಂದಾಗ ತಡೆಯಲಾಗಲಿಲ್ಲ.

“ಅದೇನು ನಮ್ಮ ಹೋಟೆಲಿನ ಸಾಂಬಾರಿನ ಕೊಪ್ಪರಿಗೆಯಾ ಮಾರಾಯ್ತಿ!”

“ನಗು ತಮ್ಮಾ, ನಗು. ನಕ್ಕ ಮುಗದ ಮ್ಯಾಲೆ ದುರಸ್ತಿ ಮಾಡಿಕೊಡು. ನಾಳಿ ಮುಂಜಾನಿ ಹುಡುಗಿ ಗಾಡಿ ತೆಗೀಬೇಕು.”

ಚೆನ್ನಯನ ನಗು ನಿಂತಿತು. ಹಿಂದಕ್ಕೆ ಕೈ ತೋರಿಸಿದ. ದೇವರ ಪಟದ ಮುಂದೆ ಪಾಲಿಶ್ ಮಷಿನು, ಬಣ್ಣ ಹೊಡೆಯುವ ಗನ್ನು, ಸುತ್ತಿಗೆ, ನಟ್ಟು ಬಿಚ್ಚುವ ಪಾನಾಗಳೆಲ್ಲ ಕುಂಕುಮ ಹಚ್ಚಿಸಿಕೊಂಡು, ಹೂ ಮುಡಿದು ಸಾಲಾಗಿ ಕುಳಿತಿದ್ದವು.

“ಆಯುಧ ಪೂಜೆಗೆ ಇಟ್ಟಾಯ್ತಲ್ಲ ಅಕ್ಕ. ನಾಳೆ ಮಧ್ಯಾಹ್ನದವರೆಗೆ ಮುಟ್ಟಲಿಕ್ಕಿಲ್ಲ. ನಮ್ಮ ಅಪ್ಪನ ಕಾಲದಿಂದ ಮುಟ್ಟಿದವರಿಲ್ಲ.”

ಪೂಜೆಗೆ ಕುಳಿತದ್ದನ್ನು ಎಬ್ಬಿಸು ಎನ್ನಲು ಸುಂದ್ರವ್ವನಿಗೆ ಬಾಯಿ ಬರಲಿಲ್ಲ. ಆ ಸಾಲನ್ನು ಒಂದೊಂದಾಗಿ ನೋಡಿದಳು. ದೇವರ ಮುಂದಿನ ದೀಪ ಹಿತ್ತಾಳೆಯದೋ ಕಬ್ಬಿಣದ್ದೋ ತಿಳಿಯದಷ್ಟು ಕಪ್ಪಾಗಿದ್ದುದೂ, ಆ ದುಃಖದಲ್ಲೂ, ಅವಳ ಕಣ್ಣಿಗೆ ಬಿತ್ತು. ಆಮೇಲೆ ತನ್ನೆರಡು ಕೈ ಮುಂದೆ ಚಾಚಿದಳು.

“ಇವನ್ನೇನು ಪೂಜಿಗೆ ಇಟ್ಟಿಲ್ಲಲ್ಲ?”

ಚೆನ್ನಯ ಅವಳ ಕೈ ನೋಡಿದ, ಮುಖ ನೋಡಿದ. ಒಂದು ಚೀಲಕ್ಕೆ ಪಾಲಿಶ್ ಪೇಸ್ಟು, ನೀರಿನಲ್ಲಿ ಅದ್ದಿ ಉಜ್ಜುವ ಮರಳು ಕಾಗದ, ಮೆತ್ತನೆಯ ಬಟ್ಟೆ ತುಂಬಿಕೊಂಡ. ಹಳೆಯ ಡಬ್ಬಿಗಳಲ್ಲಿ ತಡಕಿ ಬದನೆಕಾಯಿ ಬಣ್ಣಕ್ಕೆ ಹತ್ತಿರದ್ದೊಂದನ್ನೂ ಹುಡುಕಿದ.

ಚಾಳಿಗೆ ಬಂದು ಬಾನೆಟ್ಟಿನ ಮೇಲೆ ನೀರು ಸುರಿದ. ಗೀರು ಮಾಯವಾದವು.

“ನೋಡಿ, ಬಣ್ಣದ ಮೇಲೆ ಗಾಜಿನ ಹಾಗೆ ಒಂದು ಪದರ ಉಂಟು. ಗಾಡಿಯ ಹೊಳಪೆಲ್ಲ ಅದರದ್ದೇ. ನೀವು ಕೆರೆದದ್ದು ಅದನ್ನು. ನೀರಿಗೆ ಗೀರು ಮುಚ್ಚಿತಲ್ಲ, ಅಂದರೆ ಒಳಗಿನ ಬಣ್ಣ ಉಳಿದಿದೆ.”

“ಹಂಗಾರ ಹೊಳಪು ಮ್ಯಾಲೆ ಇರ್ತದ?” ಸುಂದ್ರವ್ವ ಗಲ್ಲಕ್ಕೆ ಕೈ ಹಚ್ಚಿದಳು. “ನಾ ಒಳಗ ಹುಡುಕಿದೆ!”

ಕಾಗದ ಎಷ್ಟು ನುಣುಪೆಂದರೆ ಇಳಕಲ್ ಸೀರೆಯ ಸೆರಗು ಮುಟ್ಟಿದಂತೆ. ದೊಡ್ಡ ಗೀರನ್ನು ಕಾಣದಷ್ಟು ಸಣ್ಣ ಗೀರಿನಿಂದಲೇ ತೆಗೆಯಬೇಕು ಎಂದ ಚೆನ್ನಯ. “ಒತ್ತಬೇಡಿ. ಎಳೆ ಕೂಸಿಗೆ ಎಣ್ಣೆ ಹಚ್ಚಿದ ಹಾಗೆ.”

ಎಳೆ ಕೂಸಿಗೆ ಎಣ್ಣೆ! ಆ ಚಾಳಿನ ಅರ್ಧ ಮಕ್ಕಳು ಸುಂದ್ರವ್ವನ ಕಾಲ ಮೇಲೆ ಮಲಗಿ ಎರೆಸಿಕೊಂಡವೇ. ತೋಳು ಏರಿಸಿದಳು. ಆ ಕಡೆಯಿಂದ ಚೆನ್ನಯ, ಈ ಕಡೆಯಿಂದ ಅವಳು. ಸ್ವಲ್ಪ ಹೊತ್ತಿಗೆ ಚೆನ್ನಯ ಕೈ ನಿಲ್ಲಿಸಿ ಅವಳನ್ನೇ ನೋಡತೊಡಗಿದ. ಅವನ ಕಡೆ ಮೋಡ ಮೋಡವಾಗಿತ್ತು, ಅವಳ ಕಡೆ ಎಲ್ಲೆಲ್ಲೂ ಒಂದೇ ಸಮ.

ಉಜ್ಜುವ ಮೊದಲ ಸುತ್ತು ಮುಗಿದಾಗ ಇಡೀ ಬಾನೆಟ್ಟು ಮಂಜು ಕವಿದಂತೆ ಮಂಕಾಗಿತ್ತು. ನಲ್ಲಿಗೆ ಹೊರಟಿದ್ದ ಪಕ್ಕದ ಮನೆಯ ಹನುಮವ್ವ ಕೊಡ ಇಳಿಸಿಯೇ ಬಿಟ್ಟಳು.

“ಯವ್ವಾ ಸುಂದ್ರವ್ವಾ! ನಿನ್ನಿ ಬರೇ ಗೀರಿದ್ದಿ. ಇವತ್ತ ಬೂದಿ ಬಡದೇನು? ನಾಳಿ ನಾವು ಕೂಡೂದು ಗಾಡ್ಯಾಗೋ, ಒಲಿಯಾಗೋ?”

“ನೀ ಡಿಕ್ಕಿಯೊಳಗ ಕುಂದ್ರು, ಬಾಯಿ ಮುಚ್ಚಕೊಂಡು!” ಎಂದಳು ಸುಂದ್ರವ್ವ. ಆದರೆ ತಿರುಗಿ ಚೆನ್ನಯನ ಮುಖ ನೋಡಿದಳು.

“ಹೆದರಬೇಡಿ, ಹಾಗೇ ಆಗಬೇಕು ಅದು,” ಎಂದು ಚೆನ್ನಯ ಪೇಸ್ಟು ಕೊಟ್ಟ. ಅಂಗೈಯಷ್ಟಗಲ ಜಾಗ, ಅದಾದ ಮೇಲೆ ಇನ್ನೊಂದು ಅಂಗೈ. ಉಜ್ಜಿ, ಒರೆಸಿ, ಬಟ್ಟೆಯ ಮಗ್ಗುಲು ಬದಲಿಸಿ ಮತ್ತೆ ಉಜ್ಜಿದಳು. ಮಂಜಿನೊಳಗಿಂದ ಮೊದಲು ಎದುರಿನ ಬಿಲ್ಡಿಂಗು ಕಂಡಿತು, ಆಮೇಲೆ ತಂತಿಯ ಮೇಲೆ ಒಣಗಿದ ಬಟ್ಟೆಗಳು, ಕಡೆಗೆ ಬಗ್ಗಿ ನೋಡುತ್ತಿದ್ದ ಹನುಮವ್ವನ ಮೂಗಿನ ನತ್ತು. ಹನುಮವ್ವ ಕೊಡ ಎತ್ತಿಕೊಂಡು ನಲ್ಲಿಗೆ ನಡೆದಳು.

ಉಳಿದದ್ದು ಅಕ್ಕಿಕಾಳಿನ ಬಿಳುಪು. ಬ್ರಷ್ಷೂ ಪೂಜೆಯಲ್ಲಿತ್ತು. ಚೆನ್ನಯ ಕಡ್ಡಿಪೆಟ್ಟಿಗೆಯ ಕಡ್ಡಿ ಕೆತ್ತಿ, ಅದರ ತುದಿಯಿಂದ ಬಣ್ಣ ತುಂಬಿದ. “ಹತ್ತಿರ ಹೋಗಿ ಹುಡುಕಿದರೆ ಕಂಡೀತು,” ಎಂದ.

“ನಿನ್ನ ಕೂಲಿ ಏನಪ್ಪಾ?”

“ಅಯ್ಯೋ, ಕೆಲಸ ಮಾಡಿದ್ದು ನೀವು. ಕೂಲಿ ನಾನು ಕೊಡಬೇಕಷ್ಟೇ.”

“ಹಂಗಾರ ನಿನ್ನ ಶೆಡ್ಡಿನ ದೀಪ ಕಳಿಸಿಕೊಡು. ದೇವರು ಕತ್ತಲದಾಗ ಕುಂತಾನ.”

ಸಂಜೆ ಪೂಜೆಯ ಹೊತ್ತಿಗೆ ಕತ್ತಲಾಗಿತ್ತು. ಬೀದಿ ದೀಪದ ಬೆಳಕಿನಲ್ಲಿ ಶಿವಕುಮಾರಿ ಮಾಲೆ ಹಾಕಿದಳು, ಕಾಯಿ ಒಡೆದಳು, ಗಾಡಿಗೂ ದೇವರಿಗೂ ಕೈಮುಗಿದಳು. ಅತ್ತೆಯ ಕಡೆ ತಿರುಗಲಿಲ್ಲ. ಸುಂದ್ರವ್ವನೂ ದುರಸ್ತಿಯ ಸುದ್ದಿ ಎತ್ತಲಿಲ್ಲ. ಕೆಲಸ ಕಾಣಬೇಕಾದದ್ದು ಬಿಸಿಲಿಗೆ, ಬಿಸಿಲು ಬರುವುದು ಬೆಳಿಗ್ಗೆ. ಕಾದರಾಯಿತು.

ಬೆಳಿಗ್ಗೆ ಸುಂದ್ರವ್ವ ಬಾಗಿಲ ಸಂದಿಯಲ್ಲೇ ನಿಂತಿದ್ದಳು. ಶಿವಕುಮಾರಿ ಮಾಲೆ ಸರಿಸಿದಳು. ಬಗ್ಗಿದಳು. ಬಾನೆಟ್ಟಿನ ಮೇಲೆ ಬೆರಳಾಡಿಸಿದಳು, ಎಡ ಅಂಚಿನಲ್ಲಿ ಬೆರಳು ನಿಂತಿತು. ಚುಕ್ಕೆ ಸಿಕ್ಕಿತೆಂದುಕೊಂಡಳು ಸುಂದ್ರವ್ವ. ಸೊಸೆ ಅಲ್ಲಿಂದ ಎದ್ದು ಗಾಡಿಯ ಸುತ್ತ ಒಂದು ಸುತ್ತು ಬಂದು, ಬಾಗಿಲುಗಳನ್ನು ನೋಡಿದಳು, ಹಿಂಭಾಗ ನೋಡಿದಳು, ಮತ್ತೆ ಮುಂದೆ ಬಂದು ನಿಂತು ಸೊಂಟಕ್ಕೆ ಕೈಕೊಟ್ಟಳು.

“ಇದೇನ್ ಮಾಡಿಟ್ಟಿ? ಮುಂದ ನೋಡಿದರ ಶೋರೂಮು, ಹಿಂದ ನೋಡಿದರ ಸೆಕೆಂಡ್ ಹ್ಯಾಂಡು! ಅರ್ಧಾ ಗಾಡಿ ಹಿಂಗ, ಅರ್ಧಾ ಹಂಗ. ಮಂದಿ ನಗಂಗಿಲ್ಲೇನು?”

ಸುಂದ್ರವ್ವ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

“ರವಿವಾರ ರಜಾ ಹಾಕ್ತೀನಿ. ಬಾಗಲಾ, ಡಿಕ್ಕಿ ಎಲ್ಲಾ ಹಿಂಗ ಆಗಬೇಕು. ನನಗೂ ಕಲಿಸು.” ಶಿವಕುಮಾರಿ ಗಾಡಿಯ ಮುಂದಿನ ಬಾಗಿಲು ತೆರೆದು ಹಿಡಿದಳು. “ಈಗ ಕೂಡು ಬಾ ಅವ್ವಾ, ಮುಂದಿನ ಸೀಟಿನ್ಯಾಗ. ಹನುಮವ್ವ ಆಗಲೇ ಹಿಂದ ಏರಿ ಕುಂತಾಳ ನೋಡು.”

ಸುಂದ್ರವ್ವ ಓಡಿದಳು. ಒಳಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.