ಅತ್ತೆಯ ಬೆರಳು

ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಲ್ಲಿ ಕೂತು ಮಲೇಷ್ಯಾದ ಟಿವಿ ನೋಡುವುದೇ ನನ್ನ ಕೆಲಸ. ಮಲಯ್, ಚೀನೀ, ತಮಿಳು, ಹೀಗೆ ಭಾಷೆಗೊಂದು ಚಾನೆಲ್. ಚಿತ್ರ ನಿಂತರೆ, ದನಿ ಹೋದರೆ ತಕ್ಷಣ ಅಲ್ಲಿಗೆ ತಿಳಿಸಬೇಕು. ಭಾಷೆ ಗೊತ್ತಿದ್ದವರು ಕಥೆಯಲ್ಲಿ ಮುಳುಗಿಬಿಡುತ್ತಾರೆ ಅಂತ, ಗೊತ್ತಿಲ್ಲದವರನ್ನೇ ಕೂರಿಸುವುದು ನಮ್ಮ ಮ್ಯಾನೇಜರ್ ಮೇಡಂ ಮಾಡಿದ ರೂಲು. ಹಾಗಾಗಿ ತಮಿಳು ಬರುವ ನನಗೆ ಮಲಯ್, ಯಾದಗಿರಿಯ ಬಸವರಾಜನಿಗೆ ತಮಿಳು.

ಒಂದು ಮಧ್ಯಾಹ್ನ ಪಕ್ಕದ ಸೀಟಿನಲ್ಲಿ ಬಸವರಾಜ ಕಣ್ಣೊರೆಸಿಕೊಳ್ಳುತ್ತಿದ್ದ. ಮೇಡಂ ಬಂದು ಅವನ ಹಿಂದೆ ನಿಂತರು.

“ನಿಮಗೆ ತಮಿಳು ಬರುತ್ತೇನ್ರೀ?”

“ಒಂದಕ್ಷರ ಬರಂಗಿಲ್ರಿ ಮೇಡಂ.”

“ಮತ್ಯಾಕೆ ಅಳ್ತಿದ್ದೀರಾ?”

“ಆ ಅತ್ತಿ ಸರಿ ಇಲ್ರಿ.”

ಮೇಡಂ ಬಗ್ಗಿ ನೋಡಿದರು. ನಾನೂ ಕುರ್ಚಿ ಸರಿಸಿದೆ. ಅತ್ತೆ ಬಾಗಿಲ ಕಡೆ ಬೆರಳು ತೋರಿಸುತ್ತಿದ್ದಳು, ಸೊಸೆ ಅಲ್ಲಾಡದೆ ನಿಂತಿದ್ದಳು. ಇಬ್ಬರೂ ಮಾತಾಡಲಿಲ್ಲ.

“ಹೋಗ್ಬೇಡ ಕಣೇ,” ಅಂದರು ಮೇಡಂ, ಮೆಲ್ಲಗೆ. ನಾವು ಮೂವರೂ ಉಸಿರು ಬಿಗಿಹಿಡಿದು ಕಾದೆವು.

ಆಗ ಮಲೇಷ್ಯಾದಿಂದ ಫೋನು ಬಂತು. ತಮಿಳು ಚಾನೆಲ್‌ನ ಚಿತ್ರ ಆಗಿನಿಂದ ನಿಂತೇ ಹೋಗಿದೆ, ನೀವೆಲ್ಲ ಅಲ್ಲಿ ಏನು ನೋಡ್ತಿದ್ದೀರಿ ಅಂತ.

ಈಗ ಬಸವರಾಜನನ್ನು ಚೀನೀ ಚಾನೆಲ್‌ಗೆ ಹಾಕಿದ್ದಾರೆ. ಅಲ್ಲಿನ ಅತ್ತೆಯೂ ಸರಿ ಇಲ್ಲವಂತೆ. ಮೇಡಂ ದಿನಾ ಬಂದು ವಿಚಾರಿಸಿಕೊಂಡು ಹೋಗುತ್ತಾರೆ.